ಕ್ರೋಮ್ ತೊಟ್ಟಿಯ ಪರೀಕ್ಷೆ

ಥೂ! ಫಳಫಳ ಹೊಳೆಯುವ ಬಸ್ಸಿನ ಬಂಪರ್ ಕಂಡರೆ ಈಗಲೂ ನಾನು ಮುಖ ತಿರುಗಿಸಿ ನಡೆಯುತ್ತೇನೆ. ಎಂಬತ್ತರ ದಶಕದ ಆರಂಭದಲ್ಲಿ, ಮೂಡುಬಿದಿರೆಯಲ್ಲಿ ಬಿ.ಎಸ್ಸಿ. ಮುಗಿಸಿದ ಹೊಸತರಲ್ಲಿ, ಫರಂಗಿಪೇಟೆಯ ಹತ್ತಿರ ಒಂದು ಶೆಡ್ಡಿನಲ್ಲಿ ನಾನು ‘ಕೆಮಿಸ್ಟ್’ ಆಗಿದ್ದೆ. ಬಸ್ಸುಗಳ ತುಕ್ಕು ಹಿಡಿದ ಬಂಪರು, ಕಂಬಿಗಳಿಗೆ ಕ್ರೋಮ್ ಲೇಪ ಕೊಡುವ ಶೆಡ್ಡು ಅದು. ಕ್ರೋಮಿನ ಕೆಂಪು ಚಕ್ಕೆಗಳನ್ನು ತೊಟ್ಟಿಯ ನೀರಿನಲ್ಲಿ ಕರಗಿಸಿ ಕರೆಂಟು ಕೊಟ್ಟರೆ ಬುಳುಬುಳು ನೊರೆಯೇಳುತ್ತಿತ್ತು. ಅದರ ಹಬೆ ಮೂಗಿಗೆ ಹೊಕ್ಕರೆ ರಾತ್ರಿ ಗಂಜಿಯೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹೊಸ ಡ್ರಮ್ಮು ಬಂದಾಗಲೆಲ್ಲ ಅದರ ಮಾಲು ಮೈಗೆ, ಕಣ್ಣಿಗೆ ಎಷ್ಟು ಅಪಾಯವೆಂದು ನೋಡಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ನೋಡುವ ಕ್ರಮ ಮಾತ್ರ ಧಣಿಯದು. ಶೆಡ್ಡಿನಲ್ಲಿ ಒಬ್ಬ ಮುದುಕನಿದ್ದ; ಮೂವತ್ತು ಮಳೆಗಾಲ ಊರವರ ಅಡಿಕೆ ಮರ ಹತ್ತಿ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣದ ಮದ್ದು ಹೊಡೆದವ. ಅವನ ಅಂಗೈ ಎಮ್ಮೆಯ ಚರ್ಮದಂತಿತ್ತು. ಚಕ್ಕೆ ಕದಡಿದ ನೀರಿನಲ್ಲಿ ಅವನು ಕೈ ಅದ್ದಿ, ಒಂದು ವೀಳ್ಯ ಜಗಿದು ಮುಗಿಯುವವರೆಗೆ ಕೂರಬೇಕು. ಆಮೇಲೆ ತೊಟ್ಟಿಯ ಮೇಲೆ ಬಗ್ಗಿ ಕಣ್ಣು ಬಿಟ್ಟು ಹಬೆ ಹಿಡಿಯಬೇಕು.

“ಉರಿ ಉಂಟಾ?” ಧಣಿ ಗೋಳಿಬಜೆ ತಿನ್ನುತ್ತಾ ಕೇಳುವುದು.

“ದಾಲ ಇಜ್ಜಿ ಧಣೀ. ಏನೂ ಇಲ್ಲ. ತುತ್ತಿನ ಮದ್ದಿಗಿಂತ ಇದು ತಂಪು.”

“ಮತ್ತೆಂತ ಮೇಡಂ? ತೊಂದರೆ ಇಲ್ಲ ಅಂತ ಬರೆಯಿರಿ.”

ನಾನು ಬರೆಯುತ್ತಿದ್ದೆ. ಮುದುಕನ ಗೆಣ್ಣುಗಳಲ್ಲಿ ಬೈರಿಗೆಯಿಂದ ಕೊರೆದ ಹಾಗೆ ಉರುಟು ತೂತುಗಳಿದ್ದವು. ಅವನು ಬಿಡುವಿನಲ್ಲಿ ಬೆಂಕಿಕಡ್ಡಿಯಿಂದ ಅವುಗಳ ಹಕ್ಕಳೆ ಕಿತ್ತು ನೆಲಕ್ಕೆ ಹಾಕುತ್ತಿದ್ದ. “ನೋವೇ ಇಲ್ಲ ನೋಡಿ,” ಎಂದು ಹೆಮ್ಮೆಯಿಂದ ಹಲ್ಲು ಕಿರಿಯುತ್ತಿದ್ದ. ಕ್ರೋಮಿನ ಹುಣ್ಣು ನೋಯುವುದಿಲ್ಲವೆಂಬುದೇ ಅದರ ಹಲ್ಕಟ್ಟುತನ ಎಂದು ನಾನು ಕಾಲೇಜಿನ ಪುಸ್ತಕದಲ್ಲಿ ಓದಿದ್ದೆ. ಓದಿ ಏನು ಮಣ್ಣು? ತನಿಖೆಗೆ ಬಂದ ಫ್ಯಾಕ್ಟರಿ ಇನ್ಸ್‌ಪೆಕ್ಟರೂ ಎರಡು ಬೊಂಡದ ಎಳನೀರು ಕುಡಿದು, ನನ್ನ ಅಕ್ಷರ ಚಂದ ಉಂಟೆಂದು ಹೊಗಳಿ ಸಹಿ ಹಾಕಿ ಹೋದರು.

ಬಂಪರುಗಳನ್ನು ತೊಳೆಯಲು ಹತ್ತಿರದ ಒಬ್ಬ ಹೆಂಗಸು ಬರುತ್ತಿದ್ದಳು. ಮನೆಯಲ್ಲಿ ಬೀಡಿ ಕಟ್ಟುವವಳು. ಅವಳನ್ನು ಕ್ರೋಮ್ ತೊಟ್ಟಿಯ ಕೆಲಸಕ್ಕೆ ಹಾಕಿದ ದಿನ ನನ್ನ ಮೇಜಿನ ಬಳಿ ಬಂದು, “ಅಕ್ಕ, ನೀವು ಓದಿದವರು. ಇದರಿಂದ ಕಣ್ಣಿಗೆ ಏನಾದರೂ ಆಗ್ತದಾ?” ಎಂದು ಕೇಳಿದಳು. ಧಣಿ ಅಲ್ಲೇ ಇದ್ದರು. ನಾನು ಪುಸ್ತಕ ತೆರೆದು ನನ್ನದೇ ಅಕ್ಷರ ತೋರಿಸಿದೆ. ಪಾಪ, ನಂಬಿದಳು.

ಮೂರನೇ ವಾರ ತೊಟ್ಟಿಯೊಳಗೆ ಕಂಬಿಯೊಂದು ಜಾರಿ ಬಿದ್ದು, ಕೆಂಪು ನೀರು ಅವಳ ಎಡಗಣ್ಣಿಗೆ ಹಾರಿತು. ಆ ಕೂಗು! ನಾನು ಕೊಡಪಾನದಲ್ಲಿ ನೀರು ಹಿಡಿದು ಓಡಿದೆ. ಮುದುಕ ಅಡ್ಡ ನಿಂತ.

“ನೀರು ಮುಟ್ಟಿಸಬೇಡಿ ಮಾರಾಯ್ತಿ! ತಣ್ಣೀರು ತಾಗಿದರೆ ಕಣ್ಣಿಗೆ ಹೂ ಬೀಳ್ತದೆ. ಮೊಲೆಹಾಲು ಬಿಡುವ.”

ಎಲ್ಲರೂ ಹೌದು ಹೌದೆಂದರು. ಗದ್ದೆಯಾಚೆಯ ಮನೆಯ ಬಾಣಂತಿಯಿಂದ ಹಾಲು ತರಲು ಒಬ್ಬ ಓಡಿದ. ನೀರು ಹೊಯ್ದು ಹೊಯ್ದು ತೊಳೆಯಬೇಕೆಂದು ನನಗೆ ಗೊತ್ತಿತ್ತು. “ಬಿಡಿ ದಾರಿ!” ಎಂದು ಕಿರುಚಿದೆ. ಆಗ ಧಣಿ ತಣ್ಣಗೆ ಅಂದರು: “ಕಣ್ಣಿಗೆ ತೊಂದರೆ ಇಲ್ಲ ಅಂತ ಬರೆದದ್ದು ನೀವೇ ಅಲ್ವಾ ಮೇಡಂ? ಈಗ ಎಂತ ಗಡಿಬಿಡಿ?” ಹಾಲು ಬರುವವರೆಗೂ ತುಂಬಿದ ಕೊಡಪಾನ ಸೊಂಟದಲ್ಲಿಟ್ಟುಕೊಂಡು ಗೊಂಬೆಯ ಹಾಗೆ ನಿಂತಿದ್ದೆ. ನನ್ನ ಓದಿಗೆ ಬೆಂಕಿ ಬೀಳಲಿ.

ಕಣ್ಣು ಹೋಯಿತು. ಬೆಳ್ಳಗೆ ಕೊಳೆತ ಮೀನಿನ ಕಣ್ಣಿನಂತಾಯಿತು.

ಎರಡು ತಿಂಗಳ ಮೇಲೆ ಅವಳು ಶೆಡ್ಡಿಗೆ ಬಂದಳು. ಅಷ್ಟರಲ್ಲಿ ಮುದುಕ ಮೂಗಿನಿಂದ ರಕ್ತ ಬರುತ್ತದೆಂದು ಕೆಲಸ ಬಿಟ್ಟು, ಮುಂಡಾಜೆಯ ಮಗಳ ಮನೆ ಸೇರಿದ್ದ. ಬಂದವಳು ಬೈಯುತ್ತಾಳೆ, ಉಗಿಯುತ್ತಾಳೆ ಎಂದು ಕಾದೆ. ಉಗಿದಿದ್ದರೆ ನಾನು ಇಂದು ಸ್ವಲ್ಪ ನೆಮ್ಮದಿಯಿಂದ ಇರುತ್ತಿದ್ದೆ.

“ಅಕ್ಕ, ಬೆರಳೆಲ್ಲ ಹುಣ್ಣು. ಬೀಡಿ ಕಟ್ಟಲಿಕ್ಕೆ ಆಗುವುದಿಲ್ಲ. ಅಜ್ಜ ಮಾಡ್ತಿದ್ದ ಪರೀಕ್ಷೆಯ ಕೆಲಸ ನನಗೆ ಕೊಡಿಸಿ. ಈ ಕಣ್ಣು ಹೇಗೂ ಹೋದದ್ದಲ್ವಾ, ಹಬೆಗೆ ಇದನ್ನೇ ಹಿಡೀತೇನೆ.”

ನಾನು ಎದ್ದು ಒಳಗೆ ಹೋಗಿ ಧಣಿಗೆ ಹೇಳಿದೆ. ಅವರು ಒಪ್ಪಿದರು. ಅವಳು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.