ಮೇಲಕ್ಕೆ ಹಾರಿದ ಜಲಪಾತ

“ಯಜಮಾನರು ಹೋಗಿ ಇನ್ನೂ ವರ್ಷ ತುಂಬಿಲ್ಲ, ನೀವು ಬೆಟ್ಟ ಹತ್ತೋ ಹಾಗಿಲ್ಲಮ್ಮ. ಕಾರಲ್ಲೇ ಕೂತಿರಿ,” ಎಂದರು, ನಮ್ಮೊಂದಿಗೆ ಜಲಪಾತ ನೋಡಲು ಡರ್ಬಿಯಿಂದ ಬಂದಿದ್ದ ಕನ್ನಡ ಬಳಗದ ಹಿರಿಯರು.

ಇಂಗ್ಲೆಂಡಿನ ಶೆಫೀಲ್ಡ್ ಆಚೆಯ ಆ ಕಾರ್ ಪಾರ್ಕಿನಲ್ಲಿ ಜನವರಿಯ ಗಾಳಿ ಕಾರಿನ ಬಾಗಿಲನ್ನೇ ಕಿತ್ತುಕೊಂಡು ಹೋಗುವಂತಿತ್ತು. ಅಪ್ಪ ತೀರಿಕೊಂಡ ಮೇಲೆ ನನ್ನ ಜೊತೆಗಿರಲು ಬಂದ ಅಮ್ಮ, ಸೀರೆಯ ಮೇಲೆ ನನ್ನ ರೇನ್‌ಕೋಟ್ ತೊಟ್ಟು ಬೂಟಿನ ಲೇಸು ಬಿಗಿಯುತ್ತಿದ್ದರು. ತಲೆ ಎತ್ತದೆಯೇ ಹೇಳಿದರು: “ಅವರು ಹಾಸಿಗೆ ಹಿಡಿದಿದ್ದ ಅಷ್ಟೂ ವರ್ಷ ನಾನು ಹೊಸ್ತಿಲು ದಾಟಿದ್ದು ಔಷಧಿ ಅಂಗಡಿಗೆ ಮಾತ್ರ. ಈಗಲೂ ಕೂತಿರು ಅಂತೀರಾ? ಪಾಪ ಬಂದ್ರೆ ನನಗೇ ಬರಲಿ. ದಾರಿ ಬಿಡಿ.”

ಒಂದು ಮರವೂ ಇಲ್ಲದ, ಮರುಭೂಮಿಯಂಥ ಬೋಳು ಬೆಟ್ಟವದು. ಹೆಪ್ಪುಗಟ್ಟಿದ ಕೆಸರಿನಲ್ಲಿ ಜಾರಿ ಬಿದ್ದರೂ ಅಮ್ಮ ನನ್ನ ಕೈ ಹಿಡಿಯಲಿಲ್ಲ. ತುದಿಯಲ್ಲಿ ಬಂಡೆಯಿಂದ ಧುಮುಕುತ್ತಿದ್ದ ನೀರನ್ನು ಗಾಳಿ ಅರ್ಧದಲ್ಲೇ ತಡೆದು, ಹೊಗೆಯಂತೆ ಮೇಲಕ್ಕೇ ಎತ್ತಿ ಎಸೆಯುತ್ತಿತ್ತು. ಮುಖವೆಲ್ಲ ತೋಯ್ದ ಅಮ್ಮ ಹೋ ಎಂದು ನಕ್ಕರು. ಆ ನಗು ಕೇಳಿ ಎಷ್ಟೋ ವರ್ಷಗಳಾಗಿದ್ದವು. ಹಿರಿಯರು ತಮ್ಮ ಫ್ಲಾಸ್ಕಿನ ಕಾಫಿಯನ್ನು ಮೊದಲು ಅವರಿಗೇ ಕೊಟ್ಟರು.

ಅಪ್ಪನ ವರ್ಷಾಬ್ದಿಕಕ್ಕೆ ಇನ್ನೂ ತಿಂಗಳುಗಳಿವೆ. ಬಾಗಿಲ ಬಳಿ ಬಿಟ್ಟ ಅಮ್ಮನ ಬೂಟುಗಳಿಗೆ ಮಾತ್ರ ಒಣಗಲು ಪುರುಸೊತ್ತೇ ಸಿಗುತ್ತಿಲ್ಲ.