ಪೆಟ್ಟಿಗೆ ಬಿಟ್ಟೇಳದ ಲೇಥ್

ನಾನು ಡಿಪ್ಲೊಮಾ ಓದಿದ್ದು ಒಂದು ಹಳೆಯ ಮಾಮಲೇದಾರ ಕಚೇರಿಯಲ್ಲಿ. ಇಂಗ್ರೇಜರ ಕಾಲದ ಕಲ್ಲಿನ ಕಟ್ಟಡ. ಕಚೇರಿ ಬೇರೆಡೆಗೆ ಹೋದ ಮೇಲೆ ಸರಕಾರ ಅಲ್ಲಿ ತಾಂತ್ರಿಕ ಕಾಲೇಜು ತೆರೆದಿತ್ತು. ಖಜಾನೆಯ ಕೋಣೆಯಲ್ಲಿ ಡ್ರಾಯಿಂಗ್, ಕೋರ್ಟು ನಡೆಯುತ್ತಿದ್ದ ಹಜಾರದಲ್ಲಿ ವರ್ಕ್‌ಶಾಪ್. ಹೆಸರಿಗಷ್ಟೇ ವರ್ಕ್‌ಶಾಪ್. ಒಳಗೆ ಕಟ್ಟಿಗೆಯ ಪೆಟ್ಟಿಗೆಯಲ್ಲಿ, ಕಬ್ಬಿಣವನ್ನು ತಿರುಗಿಸಿ ಕಡೆಯುವ ಹೊಸ ಲೇಥ್ ಮಷೀನು ಮಲಗಿತ್ತು.

ನನಗೆ ಬೇಕಾಗಿದ್ದದ್ದು ಆ ಲೇಥ್ ಒಂದೇ. ಅಥಣಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಗಬೇಕಾದರೆ ಅದರ ಮೇಲೆ ಕೈ ಕೂತಿರಬೇಕಿತ್ತು. ಆದರೆ ಮಷೀನು ನಿಲ್ಲಿಸಲು ನೆಲದ ಫರಸಿಕಲ್ಲಿಗೆ ತೂತು ಕೊರೆದು ಬೋಲ್ಟ್ ಹಾಕಬೇಕಲ್ಲ!

"ಹಳೇ ಕಾಲದ ಫರಸಿ ಐತಿ ತಮ್ಮಾ. ಒಂದ ಚಕ್ಕಿ ಎದ್ದರೂ ನನ್ನ ನೌಕರಿ ಹೋಗತೈತಿ. ಮ್ಯಾಲಿನವರ ಪರವಾನಗಿ ಬರಲಿ," ಎನ್ನುತ್ತಿದ್ದರು ಪ್ರಿನ್ಸಿಪಾಲರು. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಖಂಡೇನವಮಿಗೆ ಆ ಪೆಟ್ಟಿಗೆಗೇ ಕಬ್ಬು ಕಟ್ಟಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆಯುತ್ತಿದ್ದೆವು. ಪೂಜೆಯಾದ ಯಂತ್ರವನ್ನು ಅಂದು ಯಾರೂ ನಡೆಸುವುದಿಲ್ಲ. ಊರಿನ ಗಿರಣಿಗೂ ಟ್ರ್ಯಾಕ್ಟರಿಗೂ ಅದು ಸೂಟಿ. "ನಮ್ಮ ಮಷೀನಿಗೆ ವರ್ಷಪೂರ್ತಿ ಖಂಡೇನವಮಿ ನೋಡಲೇ," ಎಂದು ನಿಪ್ಪಾಣಿಯ ಗೆಳೆಯ ಚೇಷ್ಟೆ ಮಾಡಿದ. ನಕ್ಕೆ. ಆಮೇಲೆ ಮೈಯೆಲ್ಲ ಉರಿಯಿತು. ಲೇಥನ್ನು ನಾವು ಕರಿಹಲಗೆಯ ಮೇಲೆ ಕಲಿಯುತ್ತಿದ್ದೆವು. ಈಜನ್ನೂ ಹಾಗೇ ಕಲಿಸಿಬಿಡಬಹುದಿತ್ತು!

ಕೊನೆಯ ವರ್ಷ ಮಂತ್ರಿಗಳು ಕಾಲೇಜು ನೋಡಲು ಬರುವುದೆಂದಾಯಿತು. ಹಿಂದಿನ ದಿನ ಹಜಾರದಲ್ಲಿ ಉಳಿ, ಸುತ್ತಿಗೆಯ ಸದ್ದು. ಇಣುಕಿದರೆ, ವೇದಿಕೆಯ ಮಂಟಪ ನಿಲ್ಲಿಸಲು ಅದೇ ಫರಸಿಗೆ ತೂತು ಕೊರೆಯುತ್ತಿದ್ದಾರೆ! ಪ್ರಿನ್ಸಿಪಾಲರೇ ಮುಂದೆ ನಿಂತು, "ಇನ್ನಷ್ಟ ಆಳ ತಗೀರಿ, ಕಂಬ ಅಳ್ಳಾಡಬಾರದು," ಎನ್ನುತ್ತಿದ್ದರು.

ಮಂತ್ರಿಗಳ ಕಾರು ಹೊರಟದ್ದೇ ತಡ, ಪ್ರಿನ್ಸಿಪಾಲರ ಬಳಿಗೆ ಓಡಿದೆ.

"ಸರ್, ಈಗ ಹೆಂಗೂ ತೂತ ಬಿದ್ದಾವಲ್ರಿ. ಇಲ್ಲೇ ಬೋಲ್ಟ್ ಹಾಕಿ ಲೇಥ್ ನಿಂದರಸೂಣ್ರಿ."

ಅವರು ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿದರು. "ಯಾರರ ನೋಡಿದ್ರ ಏನ ಗತಿ?" ಎಂದವರೇ ಜವಾನನನ್ನು ಕೂಗಿ ಗೌಂಡಿಯನ್ನು ಕರೆಸಿದರು. ಸಂಜೆಯೊಳಗೆ ಗೌಂಡಿ ಸಿಮೆಂಟ್ ತುಂಬಿ ಎಲ್ಲ ತೂತು ಮುಚ್ಚಿದ. ನಾನು ಬಾಗಿಲಲ್ಲಿ ನಿಂತು ಹಲ್ಲು ಕಡಿದೆ.

ಕಾಗದದ ಮೇಲೆಯೇ ನಡೆದ ವರ್ಕ್‌ಶಾಪ್ ಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ನನಗೇ ಬಿದ್ದವು. ಕೆಲಸ ಕೇಳಲು ಹೋದಾಗ ಸಕ್ಕರೆ ಕಾರ್ಖಾನೆಯ ಫೋರಮನ್ನರು ಅದನ್ನು ನೋಡಿ ಖುಷಿಯಾದರು. ಲೇಥಿನ ಮುಂದೆ ಕರೆದೊಯ್ದು ಕೈಗೊಂದು ಕಬ್ಬಿಣದ ಸರಳು ಕೊಟ್ಟು, "ಇದನ್ನಷ್ಟ ತಿರುವಿ ತೋರಸ್ರಿ," ಎಂದರು. ಮಷೀನು ಚಾಲೂ ಮಾಡುವುದು ಹೇಗೆಂದು ನಾನು ಅವರನ್ನೇ ಕೇಳಬೇಕಾಯಿತು.