ಗಾಜಿಗೆ ಹಾಸಿಗೆಯಾದ ಅಕ್ಕಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೆಟ್ಟದ ಬುಡದ ತಗಡಿನ ಗೋದಾಮಿನಲ್ಲಿ ಡಬ್ಬಿಯಕ್ಕ ಮಂಡಿಯೂರಿ ಕೂತು ಹಿಟ್ಟಿನೊಳಗೆ ಮೊಟ್ಟೆ ಹೂಳುತ್ತಿದ್ದಾರೆ. ಒಂದು ಪದರ ಹಿಟ್ಟು, ಒಂದು ಸಾಲು ಮೊಟ್ಟೆ, ಮೇಲೆ ಮತ್ತೆ ಹಿಟ್ಟು. ಮುಚ್ಚಳ ಬಿಗಿದು ಡಬ್ಬವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಏನೋ ಕದಲಿದ ಸದ್ದು. ಮುಚ್ಚಳ ತೆಗೆದು ಇನ್ನೊಂದು ಹಿಡಿ ಹಿಟ್ಟು ತುರುಕುತ್ತಾರೆ.

"ಜಾಗ ಬಿಟ್ರೆ ಕುಣೀತಾವೆ, ಕುಣಿದ್ರೆ ಒಡೀತಾವೆ. ಮನುಷ್ಯರ ಥರಾನೇ," ಅನ್ನುತ್ತಾರೆ.

ಬೆಟ್ಟದ ಮೇಲೆ ಗುಡಾರಗಳ ಶಿಬಿರವಿದೆ. ಪಟ್ಟಣದವರು ರಜೆಗೆ ಬಂದು ನಕ್ಷತ್ರ ನೋಡುತ್ತಾ ಉಣ್ಣುತ್ತಾರೆ. ಅಲ್ಲಿಗೆ ರಸ್ತೆಯಿಲ್ಲ, ಊಟವೆಲ್ಲ ಬೆನ್ನಿನ ಮೇಲೆ ಹತ್ತಬೇಕು. ಎಣ್ಣೆ ತಗಡಿನ ಡಬ್ಬಿಯಲ್ಲಿ, ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಬಿಗಿದು. ಮಾಂಸ ಮಂಜುಗಟ್ಟಿದ ನೀರಿನ ಕ್ಯಾನುಗಳ ನಡುವೆ, ಮೇಲೆ ಒದ್ದೆ ಗೋಣಿ ಸುತ್ತಿ. ಉಪ್ಪು, ಸಕ್ಕರೆ ಬಟ್ಟೆಯ ಚೀಲದಲ್ಲಿ. ಹದಿನಾರು ವರ್ಷದಿಂದ ಇದನ್ನೆಲ್ಲ ಕಟ್ಟುವುದೂ ಅಕ್ಕನೇ, ಕಟ್ಟಿದ್ದರಲ್ಲಿ ತನ್ನ ಪಾಲಿನ ಇಪ್ಪತ್ತೈದು ಕಿಲೋ ಹೊತ್ತು ಹತ್ತುವುದೂ ಅಕ್ಕನೇ.

ಗೋದಾಮಿನ ಬಾಗಿಲಲ್ಲಿ ಕಂಪನಿಯ ದೊಡ್ಡ ಫಲಕ: 'ಗಾಜುಮುಕ್ತ ಶಿಬಿರ'. ಒಡೆದ ಬಾಟಲಿ ಜಿಂಕೆಯ ಕಾಲು ಕುಯ್ಯಬಾರದಂತೆ. ಜಿಂಕೆಯ ಚಿತ್ರವೂ ಇದೆ, ಕಣ್ಣರಳಿಸಿ ನೋಡುತ್ತಿದೆ. ಅಕ್ಕನ ಗಂಡನ ಚಿತ್ರ ಇಲ್ಲ.

ಆತ ಫಲಕದ ಕೆಳಗೇ ಕೂತು ದಬ್ಬಳದಿಂದ ಗೋಣಿಚೀಲ ಹೊಲಿಯುತ್ತಿದ್ದಾರೆ. ಮೊದಲು ಅವರೂ ಹೊರೆ ಹೊರುತ್ತಿದ್ದವರು. ಶಿಬಿರದಲ್ಲಿ ಎರಡು ಒಲೆ, ಎರಡು ಅಕ್ಕಿ: ಅತಿಥಿಗಳದ್ದೊಂದು, ಹೊರುವವರದ್ದೊಂದು. ಹೆಚ್ಚು ದುಡ್ಡು ಕೊಡುವ ಅತಿಥಿಗಳ ಮೇಜಿಗೆ ಮಾತ್ರ ಜಾಮು ಗಾಜಿನ ಬಾಟಲಿಯಲ್ಲೇ ಬರಬೇಕು. ಡಬ್ಬಿ ಫೋಟೋದಲ್ಲಿ ಚೆಂದ ಕಾಣುವುದಿಲ್ಲ. ಗಾಜು ಒಡೆಯದಂತೆ ಹೂಳಲು ಅಕ್ಕಿಯಂಥ ಹಾಸಿಗೆ ಬೇರೆಯಿಲ್ಲ. ಯಾರ ಅಕ್ಕಿ ಅಂತ ಕೇಳಬೇಕೆ? ಹೊರುವವರ ಅಕ್ಕಿ.

ಮೂರು ವರ್ಷದ ಹಿಂದೆ ಹೊರೆ ಇಳಿಸುವಾಗ ಒಂದು ಬಾಟಲಿ ಒಡೆಯಿತು. ಜಾಮು ಮೆತ್ತಿದ ಅಕ್ಕಿ ತೆಗೆದೆಸೆದು, ಉಳಿದದ್ದನ್ನು ಜರಡಿ ಹಿಡಿದು ಬೇಯಿಸಿದರು. ಮೇಲೆ ಬೇರೆ ಅಕ್ಕಿ ಇರಲಿಲ್ಲವೆಂದಲ್ಲ. ಇತ್ತು, ಅತಿಥಿಗಳದ್ದು. ಅಕ್ಕಿಕಾಳಿನಷ್ಟೇ ಇದ್ದ ಗಾಜಿನ ಚೂರಿಗೆ ಜರಡಿ ಏನು ಮಾಡೀತು? ಅಕ್ಕನ ಗಂಡನ ಗಂಟಲು ಸೀಳಿತು. ಜೀವ ಉಳಿಯಿತು, ದನಿ ಹೋಯಿತು. ಕಂಪನಿ ಮರುಗಿ ಫಲಕ ಹಾಕಿಸಿತು, ಜಿಂಕೆಯ ಹೆಸರಲ್ಲಿ. ಬಾಟಲಿಗಳು ಹತ್ತುವುದು ನಿಲ್ಲಲಿಲ್ಲ.

"ಈಗ ಜಗಳದಲ್ಲಿ ಇವಳೇ ಗೆಲ್ಲೋದು," ಅನ್ನುತ್ತಾರೆ ಆತ, ಪಿಸುದನಿಯಲ್ಲಿ.

"ಮೊದಲೂ ನಾನೇ ಗೆಲ್ತಿದ್ದೆ. ನಿಮ್ಮ ಗದ್ದಲದಲ್ಲಿ ನಿಮಗೆ ಗೊತ್ತಾಗ್ತಿರ್ಲಿಲ್ಲ."

ಅಂದಿನಿಂದ ಅಕ್ಕ ಬೇಡುತ್ತಿರುವುದು ಒಂದೇ: ನಮ್ಮ ಅಕ್ಕಿಗೆ ಗಾಜು ಇಳಿಸಬೇಡಿ. ಸಿಕ್ಕ ಉತ್ತರವೂ ಒಂದೇ: ಇನ್ನೊಮ್ಮೆ ತಕರಾರು ತೆಗೆದರೆ ಕೆಲಸ ಇಲ್ಲ.

ಈ ಬೆಳಿಗ್ಗೆಯೂ ಮ್ಯಾನೇಜರು ಕಾಗದ ಸುತ್ತಿದ ಬಾಟಲಿಗಳನ್ನು ಎದೆಗವಚಿಕೊಂಡು ಬರುತ್ತಾನೆ.

"ಅಕ್ಕಾ, ಇವನ್ನ ನಿಮ್ಮ ಮೂಟೆಗೆ ಇಳಿಸಿ. ಬೇಗ."

"ಡಬ್ಬಿಗೆ ಹಾಕಿ ಕೊಡ್ತೀನಿ ಸರ್. ಮೇಲೆ ಬಟ್ಟಲಲ್ಲಿ ಬಡಿಸಲಿ."

"ಪ್ರತಿ ಸಲ ಅದೇ ರಾಗ. ಗೆಸ್ಟ್ ಬಾಟ್ಲಿನೇ ಕೇಳ್ತಾರೆ."

"ಒಡೆದ್ರೆ?"

"ನಿಮ್ಮ ಅಕ್ಕಿ ತಾನೆ? ಜರಡಿ ಹಿಡ್ಕೊಳ್ಳಿ."

ಆ ಮಾತಿನಲ್ಲಿ ಸಿಟ್ಟಿಲ್ಲ, ಕುಹಕವೂ ಇಲ್ಲ. ಇವತ್ತು ಮೋಡ ಇದೆ ಅಂದ ಹಾಗೆ ಅಂದುಬಿಟ್ಟ. ದಬ್ಬಳ ಹಿಡಿದ ಕೈ ನಿಲ್ಲುತ್ತದೆ.

ಅಕ್ಕ ಎದ್ದು ಬಾಟಲಿಗಳನ್ನು ಇಸಿದುಕೊಳ್ಳುತ್ತಾರೆ. ಹೊರುವವರ ಮೂಟೆಯನ್ನು ದಾಟಿ ಮುಂದೆ ಹೋಗಿ, ಅತಿಥಿಗಳ ಅಕ್ಕಿಮೂಟೆಯ ಬಾಯಿ ಬಿಚ್ಚಿ, ಒಂದೊಂದಾಗಿ ಎಲ್ಲವನ್ನೂ ಅದರೊಳಗೆ ಹೂತು ಗಂಟು ಬಿಗಿಯುತ್ತಾರೆ.

"ಇದೂ ಅಷ್ಟೇ ಮೆತ್ತಗಿದೆ ಸರ್."

"ತಲೆ ಕೆಟ್ಟಿದೆಯಾ? ಒಂದು ಚೂರು ಗೆಸ್ಟ್ ಬಾಯಿಗೆ ಹೋದ್ರೆ ಏನಾಗುತ್ತೆ ಗೊತ್ತಾ?"

"ಇವರನ್ನ ಕೇಳಿ, ಹೇಳ್ತಾರೆ. ಸ್ವಲ್ಪ ಹತ್ತಿರ ಹೋಗಿ ಕೇಳಿ, ದನಿ ಸಣ್ಣದು."

ಮ್ಯಾನೇಜರು ಕೇಳಲು ಹೋಗುವುದಿಲ್ಲ. ಪ್ಯಾಂಟಿನ ಮಂಡಿಗೆ ಮಣ್ಣಾದರೂ ಲೆಕ್ಕಿಸದೆ ತಾನೇ ಕೂತು, ಮೊಣಕೈವರೆಗೆ ಅಕ್ಕಿಯಲ್ಲಿ ಕೈಯಿಳಿಸಿ ಬಾಟಲಿಗಳನ್ನು ಹೊರಗೆಳೆಯುತ್ತಾನೆ. ಸ್ಟೀಲ್ ಡಬ್ಬಿ ತರಿಸುತ್ತಾನೆ, ಚಮಚ ತರಿಸುತ್ತಾನೆ, ಜಾಮನ್ನೆಲ್ಲ ಬಗೆದು ಡಬ್ಬಿಗೆ ತುಂಬುತ್ತಾನೆ. ಮೂರು ವರ್ಷ ಆಗದೇ ಇದ್ದ ಕೆಲಸ ಲೋಟದ ಚಹಾ ಆರುವುದರೊಳಗೆ ಮುಗಿಯುತ್ತದೆ. ಗಾಜಿಲ್ಲದೆ ಊಟ ಸಾಗಿಸುವುದು ಕಷ್ಟವೇನಲ್ಲ, ಸ್ವಾಮಿ. ಕುಯ್ಯುವುದು ಯಾರ ಗಂಟಲು ಎಂಬುದೊಂದು ಖಚಿತವಾಗಬೇಕು, ಅಷ್ಟೆ.

ಬೆರಳು ಒರೆಸಿಕೊಂಡು ಮ್ಯಾನೇಜರು ಹೇಳುತ್ತಾನೆ: "ಇವತ್ತು ಹೊರಿ. ನಾಳೆಯಿಂದ ಬರೋದು ಬೇಡ."

ಉಳಿದ ಹೊರೆಯಾಳುಗಳು ನೆಲ ನೋಡುತ್ತಾ ಹೊರೆ ತೂಗುಹಾಕುವ ತಮ್ಮ ತಮ್ಮ ಹಣೆಪಟ್ಟಿ ಬಿಗಿದುಕೊಳ್ಳುತ್ತಾರೆ. ಅವರ ಮನೆಯಲ್ಲೂ ಒಲೆ ಉರಿಯಬೇಕು. ಗಂಡ ಎದ್ದು ಬಂದು ಹೊರೆಯನ್ನು ಅಕ್ಕನ ಬೆನ್ನಿಗೆ ಎತ್ತಿ ಕೊಡುತ್ತಾರೆ. ಏನೋ ಹೇಳುತ್ತಾರೆ, ಅಕ್ಕನಿಗಷ್ಟೇ ಕೇಳಿಸುತ್ತದೆ, ಅಕ್ಕ ನಗುತ್ತಾರೆ.

ಕೆಲಸ ಕಿತ್ತುಕೊಂಡವನ ಹೊರೆ ಇನ್ನೇಕೆ ಹೊರಬೇಕು ಎಂದು ಕೇಳಿದರೆ, ಅಕ್ಕ ಹಣೆಪಟ್ಟಿ ಸರಿಮಾಡಿಕೊಳ್ಳುತ್ತಾ ಹೇಳುತ್ತಾರೆ:

"ನಾಳೆ ಬಾಟ್ಲಿ ಮತ್ತೆ ಯಾವ ಮೂಟೆಗೆ ಇಳಿಯುತ್ತೋ ನನಗೆ ಗೊತ್ತಿಲ್ಲ. ನಮ್ಮೋರು ಮೇಲೆ ಹೆಂಗೆ ಉಣ್ತಾರೆ ಅಂತ ನೀವು ನೋಡಿಲ್ಲ. ಮೊದಲ ತುತ್ತು ಬಾಯಿಗಿಟ್ಟು, ನಾಲಿಗೆಲಿ ಚೂರು ಹುಡುಕ್ತಾ ಸುಮ್ನೆ ಕೂತಿರ್ತಾರೆ. ಒಬ್ಬರೂ ಮಾತಾಡಲ್ಲ. ಇವತ್ತೊಂದಿನ ಮಾತಾಡ್ಕೊಂಡು ಉಣ್ತಾರೆ. ಅದನ್ನ ನೋಡ್ಬೇಕು ನಾನು."